ಫೋಟೋದವನ ಕೂಲಿ

(ಭಾನುವಾರದ ಪೂಜೆಯ ತರುವಾಯ ತೋಟದ ಕುಟುಂಬಗಳ ಕೂಟದಲ್ಲಿ ಆಡಿದ ಮಾತು. ಅಂದು ಕೆಲಸದ ಮೇಲಿದ್ದು ಬರಲಾಗದವರಿಗಾಗಿ ಬರೆದು ಕೊಟ್ಟಿದ್ದೇವೆ.)



ಈ ಸಾರಿ ನಾವು ಬೋನಸ್ಸಿನ ಮಾತು ಎತ್ತುವುದಿಲ್ಲ, ಪಿ.ಎಫ್. ಮಾತೂ ಎತ್ತುವುದಿಲ್ಲ. ಅದಕ್ಕೆ ಮುಂದಿನ ತಿಂಗಳ ಕೂಟವಿದೆ. ಇವತ್ತಿನದು ಫೋಟೋ ತೆಗೆಯುವವರ ವಿಷಯ. ಅದರಲ್ಲೂ ಹೊಟ್ಟೆಪಾಡಿಗಾಗಿ ಅವರು ಒಪ್ಪಿಕೊಳ್ಳಬೇಕಾಗುವ, ನೋಡಿದವರು ನಗುವಂಥ, ಮಾಡುವವರಿಗೆ ನಾಚಿಕೆಯಾಗುವಂಥ ಕೆಲಸಗಳ ವಿಷಯ. ಉಪದೇಶಿಗೂ ಫೋಟೋಗೂ ಏನು ಸಂಬಂಧ ಎಂದು ಕೇಳುತ್ತೀರಿ. ನಡೆದದ್ದನ್ನು ಹೇಳಿಬಿಡುತ್ತೇವೆ.

ಮೂರು ವಾರದ ಹಿಂದೆ ನಾವು ನಾಲ್ಕು ಜನ ಯೂನಿಯನ್ನಿನ ಚಂದಾ ಎತ್ತಲು ಕೆಳಗಿನ ಡಿವಿಜನ್ನಿಗೆ ಹೊರಟಿದ್ದೆವು. ರಸ್ತೆಯ ತಿರುವಿನಲ್ಲಿ ಒಂದು ಕಾರು ನಿಂತಿತ್ತು. ಟೀ ಗಿಡಗಳ ನಡುವೆ ಪಟ್ಟಣದ ಒಬ್ಬ ಹುಡುಗಿ, ಒಬ್ಬ ಹುಡುಗ. ಮುಂದಿನ ತಿಂಗಳು ಅವರ ಮದುವೆಯಂತೆ. ಮದುವೆಗೆ ಮುಂಚೆಯೇ ಹೊರಗೆ ಹೋಗಿ ಫೋಟೋ ತೆಗೆಸಿಕೊಳ್ಳುವುದು ಈಗಿನ ಪದ್ಧತಿ. ಹುಡುಗಿ ಮಿರಿಮಿರಿ ಮಿಂಚುವ ಕೆಂಪು ಸೀರೆ ಉಟ್ಟು, ಬೆನ್ನಿಗೆ ಬುಟ್ಟಿ ಏರಿಸಿಕೊಂಡು, ಎಲೆ ಕೀಳುವವಳ ವೇಷ ಹಾಕಿದ್ದಳು. ಹುಡುಗ ತಲೆಗೆ ಮುಂಡಾಸು ಸುತ್ತಿ ಮೇಸ್ತ್ರಿಯಾಗಿದ್ದ. ಅವರ ಮುಂದೆ ಚರಂಡಿಯಲ್ಲಿ ಬೋರಲು ಮಲಗಿ ಕ್ಯಾಮರಾ ಹಿಡಿದಿದ್ದವನು ನಮ್ಮ ಮೇಲಿನ ಲೈನಿನ ಹುಡುಗನೇ. ಯಾರೆಂದು ನಿಮಗೆಲ್ಲ ಗೊತ್ತು. ಪಟ್ಟಣದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ಸ್ಟುಡಿಯೋ ಇಟ್ಟಿದ್ದಾನೆ. ಇವತ್ತು ಮದುವೆ ಕೆಲಸವಿದ್ದುದರಿಂದ ಕೂಟಕ್ಕೆ ಬಂದಿಲ್ಲ, ಅದು ಒಳ್ಳೆಯದೇ ಆಯಿತು.

ಬುಟ್ಟಿಯ ಕಥೆಯನ್ನು ಕೇಳಿರಿ. ಈಗ ನಮ್ಮಲ್ಲಿ ಎಲೆ ಬುಟ್ಟಿ ಎಲ್ಲಿದೆ? ಕೈಯಲ್ಲಿ ಕತ್ತರಿ, ಬೆನ್ನಿಗೆ ಚೀಲ, ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ. ಆದರೆ ನಮ್ಮನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದವರಿಗೆ ಬುಟ್ಟಿಯೇ ಬೇಕು. ಆದುದರಿಂದ ಇವನು ಲೈನಿನಲ್ಲೆಲ್ಲ ಹುಡುಕಾಡಿ, ಒಬ್ಬ ದೊಡ್ಡಮ್ಮನ ಮನೆಯಲ್ಲಿ ಕೋಳಿ ಮುಚ್ಚಲು ಇಟ್ಟಿದ್ದ ಹಳೆಯ ಬುಟ್ಟಿಯನ್ನು ಕೇಳಿ ಪಡೆದು, ಕೊಳಾಯಿಯಲ್ಲಿ ತೊಳೆದು ಒಣಗಿಸಿ ತಂದಿದ್ದ. ಆ ಹುಡುಗಿಗೆ ಅದು ಗೊತ್ತಿರಲಿಲ್ಲ ಎಂದೇ ನಮ್ಮ ಭಾವನೆ. ಮೂಗು ಮಾತ್ರ ಆಗಾಗ ಮುರಿಯುತ್ತಿದ್ದಳು.

"ಮೇಡಂ, ಎರಡೆಲೆ ಒಂದು ಕುಡಿ ಹಿಡ್ಕೊಳ್ಳಿ. ಸಾರ್ ಕಡೆ ನೋಡಿ. ಎಲೆ ಕೀಳ್ತಾ ಕೀಳ್ತಾ ನಗಿ" ಎಂದು ಇವನು ಚರಂಡಿಯಿಂದ ಕೂಗಿ ಹೇಳುತ್ತಿದ್ದ. ಪಕ್ಕದ ಸಾಲಿನಲ್ಲಿ ಕತ್ತರಿ ಆಡಿಸುತ್ತಿದ್ದ ನಮ್ಮ ಅಕ್ಕಂದಿರು ಕೆಲಸ ನಿಲ್ಲಿಸಿ ನೋಡಿದರು. ಒಬ್ಬಾಕೆ, "ಹಂಗೆ ನಗ್ತಾ ಕಿತ್ರೆ ಸಾಯಂಕಾಲಕ್ಕೆ ಎಷ್ಟು ಕಿಲೋ ಆಗ್ತದೆ ತಮ್ಮಾ?" ಎಂದಳು. ಎಲ್ಲರೂ ನಕ್ಕರು. ಇವನು ಎದ್ದು ನಿಂತಾಗ ಕತ್ತಿನಲ್ಲಿ ಜಿಗಣೆ ಹಿಡಿದಿತ್ತು, ಅಂಗಿಯೆಲ್ಲ ಕೆಸರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ನಾವೇ. "ಇದಕ್ಕಾ ನಿಮ್ಮಪ್ಪ ನಿನ್ನ ಓದಿಸಿದ್ದು?" ಎಂದು ನಮ್ಮಲ್ಲೊಬ್ಬರು ಕೇಳಿಯೂಬಿಟ್ಟರು. ಅವನು ಉತ್ತರ ಕೊಡಲಿಲ್ಲ.

ಸಂಜೆ ಟೀ ಅಂಗಡಿಯಲ್ಲಿ ಸಿಕ್ಕಾಗ ಅವನು ಒಂದು ಮಾತು ಆಡಿದ. ಅದನ್ನು ಆಮೇಲೆ ಹೇಳುತ್ತೇವೆ. ಆ ಮಾತು ಕೇಳಿದ ಮೇಲೆ ಎರಡು ಮೂರು ಸಾರಿ ಅವನ ಸ್ಟುಡಿಯೋಗೆ ಹೋಗಿ ಕುಳಿತೆವು. ಅಲ್ಲಿ ಫೋಟೋ ಕಲೆಯ ಇಂಗ್ಲಿಷ್ ಪುಸ್ತಕಗಳಿವೆ. ನಮ್ಮ ಓದು ಎಸ್.ಎಸ್.ಎಲ್.ಸಿ.ಗೇ ನಿಂತದ್ದು, ಇಂಗ್ಲಿಷನ್ನು ತಡವರಿಸಿ ಓದುತ್ತೇವೆ. ಅವನೇ ಓದಿ ಅರ್ಥ ಹೇಳಿದ. ಆಗ ತಿಳಿಯಿತು, ಲೋಕದಲ್ಲಿ ದೊಡ್ಡ ಹೆಸರು ಮಾಡಿದ ಫೋಟೋಗ್ರಾಫರುಗಳೂ ಇಂಥ ಚರಂಡಿಗಳಲ್ಲಿ ಮಲಗಿ ಎದ್ದವರೇ ಎಂದು.

ಅವರಲ್ಲಿ ಒಬ್ಬನ ಕಥೆ ನಮಗೆ ಬಹಳ ಹಿಡಿಸಿತು. ವೀಜಿ ಎಂದು ಅವನನ್ನು ಕರೆಯುತ್ತಿದ್ದರು. ಹುಟ್ಟಿದ್ದು 1899ರಲ್ಲಿ, ಈಗ ಯುಕ್ರೇನಿನಲ್ಲಿರುವ ಝೊಲೊಚಿವ್ ಎಂಬ ಊರಿನಲ್ಲಿ. ಆಗ ಆ ಸೀಮೆ ಆಸ್ಟ್ರಿಯಾದ ಚಕ್ರವರ್ತಿಯ ಕೈಕೆಳಗಿತ್ತು. ಬಡ ಯೆಹೂದ್ಯ ಕುಟುಂಬ. ಮನೆಯಲ್ಲಿಟ್ಟ ಹೆಸರು ಉಷರ್ ಫೆಲಿಗ್, ಅಮೆರಿಕಕ್ಕೆ ಬಂದ ಮೇಲೆ ಆರ್ಥರ್ ಆಯಿತು. ತಂದೆ ಮೊದಲು ಒಬ್ಬನೇ ಹೋಗಿ, ಆಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡ. ನಮ್ಮ ಅಜ್ಜಂದಿರು ಮೇಸ್ತ್ರಿಯ ಮುಂಗಡ ಹಿಡಿದು ಮೈಸೂರು ಸೀಮೆಯಿಂದ ಘಟ್ಟ ಹತ್ತಿದ್ದೂ ಹೀಗೆಯೇ ಅಲ್ಲವೇ? ನ್ಯೂಯಾರ್ಕ್ ಪಟ್ಟಣದ ಪೂರ್ವ ಭಾಗದ ಬಡವರ ಕೇರಿಯಲ್ಲಿ ವಾಸ. ತಂದೆ ತಳ್ಳುಗಾಡಿಯ ವ್ಯಾಪಾರಿ. ಮಗ ಬೀದಿಯಲ್ಲಿ ಮಿಠಾಯಿ ಮಾರಿದ, ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟು ದುಡಿಮೆಗೆ ಇಳಿದ.

ಆ ಕಾಲದಲ್ಲಿ ಬೀದಿ ಬೀದಿ ಸುತ್ತಿ ತಗಡಿನ ಫೋಟೋ ತೆಗೆಯುವವರಿದ್ದರು. ತೆಳ್ಳನೆಯ ಕಬ್ಬಿಣದ ತಗಡಿಗೆ ಔಷಧಿ ಬಳಿದು ಅದರ ಮೇಲೆಯೇ ಚಿತ್ರ ಬೀಳಿಸುವುದು. ಬೇರೆ ನೆಗೆಟಿವ್ ಇಲ್ಲ, ಕೆಲವೇ ನಿಮಿಷಗಳಲ್ಲಿ ಕೈಗೆ ಬರುತ್ತಿತ್ತು, ಬೆಲೆಯೂ ಕಡಿಮೆ. ಅಂಥವನೊಬ್ಬ ಈ ಹುಡುಗನ ಫೋಟೋ ತೆಗೆದ. ಇವನಿಗೆ ಅದೇ ಹುಚ್ಚು ಹಿಡಿಯಿತು. ಅಂಚೆಯ ಮೂಲಕ ತಗಡಿನ ಫೋಟೋದ ಸಾಮಾನು ತರಿಸಿಕೊಂಡ, ಒಂದು ಸ್ಟುಡಿಯೋದಲ್ಲಿ ಕೈಯಾಳಾದ, ಆಮೇಲೆ ಯಾರೋ ಬಳಸಿದ ಒಂದು ಹಳೆಯ ಕ್ಯಾಮರಾ ಕೊಂಡ. ಕ್ಯಾಮರಾ ಬಂದರೆ ಸಾಕೇ, ಫೋಟೋ ತೆಗೆಸುವವರು ಬರಬೇಡವೇ? ಬಡವರ ಕೇರಿಯಲ್ಲಿ ಯಾರು ಬರುತ್ತಾರೆ? ಆದುದರಿಂದ ಅವನು ಮಾಡಿದ ಉಪಾಯವೇನೆಂದರೆ, ಲಾಯದಿಂದ ಒಂದು ಗಿಡ್ಡ ಕುದುರೆಯನ್ನು ಬಾಡಿಗೆಗೆ ಹಿಡಿದ. ಊಟಿ ಕೆರೆಯ ಹತ್ತಿರ ಮಕ್ಕಳನ್ನು ಕೂರಿಸಿ ಸುತ್ತಿಸುತ್ತಾರಲ್ಲ, ಅಂಥದ್ದು. ಅದಕ್ಕೆ 'ಹೈಪೋ' ಎಂದು ಹೆಸರಿಟ್ಟ. ಹಳೆಯ ಸ್ಟುಡಿಯೋದವರಿಗೆ ಈ ಹೆಸರು ಕೇಳಿದರೆ ನಗು ಬರುತ್ತದೆ. ಕತ್ತಲೆ ಕೋಣೆಯಲ್ಲಿ ಫೋಟೋ ಮಾಸದಂತೆ ನಿಲ್ಲಿಸುವ ಔಷಧಿಯ ಹೆಸರು ಅದು. ನಮ್ಮವರು ಕೋಳಿಗೆ 'ಗೊಬ್ಬರ' ಎಂದು ಹೆಸರಿಟ್ಟ ಹಾಗೆ.

ವಾರದ ಕೊನೆಯಲ್ಲಿ ಕುದುರೆ ಹಿಡಿದು ಕೇರಿಗೆ ಹೋಗುವುದು. ಕುದುರೆ ಕಂಡ ಮಕ್ಕಳು ಮುತ್ತಿಕೊಳ್ಳುತ್ತಿದ್ದರು. ಅಮ್ಮಂದಿರು ಓಡಿ ಹೋಗಿ ಇದ್ದುದರಲ್ಲೇ ಒಳ್ಳೆಯ ಬಟ್ಟೆ ತೊಡಿಸಿ ತರುತ್ತಿದ್ದರು. ಮಕ್ಕಳನ್ನು ಒಬ್ಬೊಬ್ಬರಾಗಿ ಕುದುರೆಯ ಮೇಲೆ ಏರಿಸಿ ಫೋಟೋ ಹೊಡೆದು, ರಾತ್ರಿ ತೊಳೆದು, ಮುಂದಿನ ದಿನಗಳಲ್ಲಿ ಮನೆ ಮನೆ ಮಹಡಿ ಹತ್ತಿ ಮಾರುವುದು. ಇನ್ನೊಂದು ಸಂಗತಿಯನ್ನು ಕೇಳಿರಿ, ನಮ್ಮ ಹೆಣ್ಣುಮಕ್ಕಳಿಗೆ ಇದು ಅರ್ಥವಾಗುತ್ತದೆ. ಆ ಕೇರಿಯವರು ಇಟಲಿ, ಪೋಲೆಂಡ್ ಮೊದಲಾದ ದೇಶಗಳಿಂದ ಬಂದವರು. ಅವರಿಗೆ ಮಕ್ಕಳ ಮುಖ ಸುಣ್ಣದಂತೆ ಬೆಳ್ಳಗೆ ಕಾಣಬೇಕಿತ್ತು. ವೀಜಿ ಅದಕ್ಕೆಂದೇ ಕಪ್ಪು ಬಿಳುಪು ತೀರ ಎದ್ದು ಕಾಣುವ ಕಾಗದದಲ್ಲಿ ಪ್ರಿಂಟ್ ಹಾಕಿ ಕೊಡುತ್ತಿದ್ದ. ನಮ್ಮ ಸ್ಟುಡಿಯೋದವರು ಹೆಣ್ಣು ತೋರಿಸುವ ಫೋಟೋಗೆ ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ ಮುಖ ಬೆಳಗಿಸುತ್ತಾರೆ. ನೂರು ವರ್ಷ ಕಳೆದರೂ, ಸಮುದ್ರ ದಾಟಿದರೂ, ಈ ಒಂದು ಮರುಳು ಹೋಗಿಲ್ಲ. ಬಣ್ಣ ಬೇಡುವವರು ನಾವು, ನಗೆಪಾಟಲಾಗುವವನು ಫೋಟೋದವನು!

ಕುದುರೆಯ ವ್ಯಾಪಾರ ಬಹಳ ದಿನ ನಡೆಯಲಿಲ್ಲ. ಫೋಟೋ ಮಾರಿ ಬಂದದ್ದು ಕುದುರೆಯ ಮೇವಿಗೆ, ಲಾಯದ ಬಾಡಿಗೆಗೆ ಸಾಲದೆ ಹೈಪೋ ಕೈಬಿಟ್ಟು ಹೋಯಿತು. ಮನೆ ಬಿಟ್ಟಿದ್ದ ಹುಡುಗ ರೈಲು ನಿಲ್ದಾಣದಲ್ಲಿ, ಪಾರ್ಕಿನ ಬೆಂಚಿನ ಮೇಲೆ ಮಲಗಿದ. ಹೋಟೆಲಿನಲ್ಲಿ ಪಾತ್ರೆ ತೊಳೆದ. ಮೂಕಿ ಸಿನಿಮಾ ತೋರಿಸುವಾಗ ಪರದೆಯ ಮುಂದೆ ಕುಳಿತು ಪಿಟೀಲು ಬಾರಿಸಿದ. ಪಾಸ್‌ಪೋರ್ಟ್ ಫೋಟೋ ಅಂಗಡಿಯಲ್ಲಿ ದುಡಿದ. 1924ರಿಂದ ಹತ್ತು ಹನ್ನೊಂದು ವರ್ಷ ಪತ್ರಿಕೆಗಳಿಗೆ ಫೋಟೋ ಒದಗಿಸುವ ಒಂದು ಕಂಪೆನಿಯ ಕತ್ತಲೆ ಕೋಣೆಯಲ್ಲಿ ಬೇರೆಯವರ ಫೋಟೋ ತೊಳೆದ. 1935ರಲ್ಲಿ ಅದನ್ನು ಬಿಟ್ಟು ಸ್ವಂತವಾಗಿ ನಿಂತ. ಸಂಬಳವಿಲ್ಲ, ತಂದ ಫೋಟೋಗೆ ಮಾತ್ರ ಕಾಸು. ಕಿಲೋ ಲೆಕ್ಕದಲ್ಲಿ ದುಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾತ್ರಿಯೆಲ್ಲ ಪೊಲೀಸ್ ಠಾಣೆಯ ಬಾಗಿಲಲ್ಲಿ ಕಾದು, ಕೊಲೆ, ಬೆಂಕಿ, ಅಪಘಾತವಾದ ಕಡೆಗೆ ಓಡುವುದು ಅವನ ಕೆಲಸ. 1938ರಲ್ಲಿ ತನ್ನ ಕಾರಿನಲ್ಲೇ ಪೊಲೀಸರ ರೇಡಿಯೋ ಇಟ್ಟುಕೊಳ್ಳಲು ಅನುಮತಿ ಪಡೆದ. ಕಾರಿನ ಡಿಕ್ಕಿಯೇ ಅವನ ಆಫೀಸು. ಬಟ್ಟೆ, ಟೈಪ್‌ರೈಟರು, ಚುಟ್ಟಾ ಎಲ್ಲವೂ ಅದರಲ್ಲೇ. ಒಂದು ದೊಡ್ಡ ಪತ್ರಿಕೆಯವರು ಕೊಟ್ಟ ಚೆಕ್ಕಿನ ಚೀಟಿಯನ್ನು ಅವನು ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದಾನೆ. ಎರಡು ಕೊಲೆಗಳಿಗೆ 35 ಡಾಲರ್ ಎಂಬ ಲೆಕ್ಕ ಅದರಲ್ಲಿದೆ. ಚೀಟಿ ಬರೆದ ಗುಮಾಸ್ತನಿಗೆ ಅದು ತಮಾಷೆಯಾಗಿ ಕಂಡಿರಲಿಕ್ಕಿಲ್ಲ. ನಮ್ಮ ಚೆಕ್‌ರೋಲಿನಲ್ಲಿ ಅರ್ಧ ಆಳು, ಮುಕ್ಕಾಲು ಆಳು ಎಂದು ಬರೆಯುವವರಿಗೂ ಹಾಗೆಯೇ. 1945ರಲ್ಲಿ ಆ ಪುಸ್ತಕ ಬಂದ ಮೇಲೆ ಅವನು ಹೆಸರಾಂತನಾದ. 1968ರಲ್ಲಿ ತೀರಿಕೊಂಡ.

ಇಷ್ಟಕ್ಕೇ ನಿಲ್ಲಿಸಿದರೆ ಅವನನ್ನು ಹೊಗಳಿದಂತಾಗುತ್ತದೆ. ಆದರೆ ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. 1943ರ ನವೆಂಬರಿನಲ್ಲಿ ನ್ಯೂಯಾರ್ಕಿನ ದೊಡ್ಡ ಸಂಗೀತ ನಾಟಕಶಾಲೆಯ ಬಾಗಿಲಲ್ಲಿ ಅವನು ಒಂದು ಫೋಟೋ ತೆಗೆದ. ವಜ್ರದ ಒಡವೆ, ಬಿಳಿಯ ತುಪ್ಪುಳದ ಮೇಲುಡುಗೆ ತೊಟ್ಟ ಇಬ್ಬರು ಶ್ರೀಮಂತ ಹೆಂಗಸರು ಒಳಗೆ ಹೋಗುತ್ತಿದ್ದಾರೆ, ಪಕ್ಕದಲ್ಲಿ ಮಾಸಿದ ಬಟ್ಟೆಯ, ಕೆದರಿದ ಕೂದಲ ಬಡ ಹೆಂಗಸೊಬ್ಬಳು ಅವರನ್ನು ದುರುಗುಟ್ಟಿ ನೋಡುತ್ತಿದ್ದಾಳೆ. ನೋಡಿದವರೆಲ್ಲ ಇದು ಸಮಾಜದ ನಿಜ ಸ್ಥಿತಿ ಎಂದು ಕೊಂಡಾಡಿದರು. ಬಹಳ ವರ್ಷಗಳ ಮೇಲೆ ಅವನ ಸಹಾಯಕನೇ ಹೇಳಿದ ಪ್ರಕಾರ, ಆ ಬಡ ಹೆಂಗಸನ್ನು ಕುಡುಕರ ಬೀದಿಯ ಒಂದು ಹೆಂಡದಂಗಡಿಯಿಂದ ಕರೆತಂದು, ಇನ್ನಷ್ಟು ದ್ರಾಕ್ಷಾರಸ ಕುಡಿಸಿ, ಶ್ರೀಮಂತರ ಕಾರು ಬರುವಾಗ ಅಲ್ಲಿ ನಿಲ್ಲಿಸಿದ್ದರು. ಮಕ್ಕಳನ್ನು ಕುದುರೆ ಹತ್ತಿಸಿದ್ದಕ್ಕೆ ಜನ ನಕ್ಕಿರಬೇಕು. ಈ ಫೋಟೋಗೆ ಕೈ ತಟ್ಟಿದರು. ನಮಗಂತೂ ಇದು ತಲೆಕೆಳಗಾಗಿ ಕಾಣುತ್ತದೆ. ಕುದುರೆ ಹತ್ತಿದ ಮಗುವಿಗೆ ಸಂತೋಷವಾಯಿತು, ತಾಯಿ ಕಾಸು ಕೊಟ್ಟು ಫೋಟೋ ಗೋಡೆಗೆ ಹಾಕಿದಳು. ಬಾಗಿಲಲ್ಲಿ ನಿಂತ ಆ ಅಕ್ಕನಿಗೆ ಬಂದದ್ದೇನು? ಒಂದಿಷ್ಟು ಕುಡಿತ.

ಲೂಯಿಸ್ ಹೈನ್ ಎಂಬಾತನ ಹೆಸರನ್ನು ಯೂನಿಯನ್ನಿನಲ್ಲಿರುವವರು ತಿಳಿದಿರಬೇಕು. ಶಾಲಾ ಮಾಸ್ತರನಾಗಿದ್ದವನು. 1908ರಿಂದ ಹತ್ತು ವರ್ಷದಷ್ಟು ಕಾಲ ಅಮೆರಿಕದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಹತ್ತಿ ಗಿರಣಿ, ಕಲ್ಲಿದ್ದಲ ಗಣಿ, ಹೊಲಗದ್ದೆಗಳಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆದ. ಗಿರಣಿಯವರು ಒಳಗೆ ಬಿಡುವರೇ? ಅದಕ್ಕಾಗಿ ಅವನು ಒಂದು ದಿನ ಬೆಂಕಿ ಅಪಾಯ ಪರೀಕ್ಷಿಸುವ ಇನ್‌ಸ್ಪೆಕ್ಟರು, ಮತ್ತೊಂದು ದಿನ ಪೋಸ್ಟ್‌ಕಾರ್ಡ್ ಮಾರುವವನು, ಇನ್ನೊಂದು ದಿನ ಬೈಬಲ್ ಮಾರುವವನು ಎಂದು ವೇಷ ಹಾಕಿ ನುಗ್ಗುತ್ತಿದ್ದ. ಬೈಬಲಿನ ವಿಷಯ ಕೇಳಿ ಉಪದೇಶಿಯಾದ ನಮಗೆ ಸ್ವಲ್ಪ ಇರಿಸುಮುರಿಸಾಯಿತು. ಸ್ವಾಮಿಗಳನ್ನು ಕೇಳಿದೆವು. ಅವರು ನಕ್ಕು ಸುಮ್ಮನಾದರು. ಮಕ್ಕಳ ಎತ್ತರವನ್ನು ತನ್ನ ಕೋಟಿನ ಗುಂಡಿಗಳ ಲೆಕ್ಕದಲ್ಲಿ ಅಳೆದು, ಜೇಬಿನೊಳಗೆ ಕೈಯಿಟ್ಟುಕೊಂಡೇ ಯಾರಿಗೂ ಕಾಣದಂತೆ ಬರೆದುಕೊಳ್ಳುತ್ತಿದ್ದನಂತೆ. ಅಮೆರಿಕದಲ್ಲಿ ಬಾಲ ದುಡಿಮೆಗೆ ಕಡಿವಾಣ ಹಾಕುವ ಕಾನೂನು ದೇಶಕ್ಕೆಲ್ಲ ಬಂದದ್ದು 1938ರಲ್ಲಿ. ಆ ಹೊತ್ತಿಗೆ ಹೈನನಿಗೆ ಕೆಲಸವೇ ಸಿಗುತ್ತಿರಲಿಲ್ಲ. ಸರ್ಕಾರದ ಫೋಟೋ ವಿಭಾಗಕ್ಕೆ ಮತ್ತೆ ಮತ್ತೆ ಬರೆದು ಕೇಳಿದರೂ ತೆಗೆದುಕೊಳ್ಳಲಿಲ್ಲ. ಮನೆ ಸಾಲಕ್ಕೆ ಹೋಯಿತು. 1940ರಲ್ಲಿ ಬಡತನದಲ್ಲೇ ಸತ್ತ.

ಅದೇ ಸರ್ಕಾರಿ ವಿಭಾಗಕ್ಕೆ 1942ರಲ್ಲಿ ಸೇರಿದವನು ಗಾರ್ಡನ್ ಪಾರ್ಕ್ಸ್, ಹದಿನೈದು ಮಕ್ಕಳ ಕರಿಯ ಕುಟುಂಬದ ಕೊನೆಯ ಮಗ. ರೈಲಿನ ಊಟದ ಡಬ್ಬಿಯಲ್ಲಿ ತಟ್ಟೆ ಹಿಡಿಯುವ ಕೆಲಸ ಮಾಡುತ್ತಿದ್ದಾಗ ಪ್ರಯಾಣಿಕರು ಬಿಟ್ಟುಹೋದ ಪತ್ರಿಕೆಯಲ್ಲಿ ಕೂಲಿಗಾಗಿ ಊರೂರು ಅಲೆಯುವವರ ಫೋಟೋ ನೋಡಿ, ಗಿರವಿ ಅಂಗಡಿಯಿಂದ ಕ್ಯಾಮರಾ ಕೊಂಡ. ಮೊದಲು ಹಿಡಿದ ಕೆಲಸಗಳಲ್ಲಿ ಒಂದು, ಶ್ರೀಮಂತ ಹೆಂಗಸರ ಬಟ್ಟೆ ಅಂಗಡಿಗೆ ಫ್ಯಾಷನ್ ಫೋಟೋ. ಗೊತ್ತಿಲ್ಲದ ಕೆಲಸ, ಗೊತ್ತಿದೆ ಎಂದು ಹೇಳಿ ಹೋದ. ರಾತ್ರಿ ತೊಳೆದು ನೋಡಿದರೆ ಒಂದರ ಮೇಲೊಂದು ಚಿತ್ರ ಬಿದ್ದು ಒಂದನ್ನು ಬಿಟ್ಟು ಎಲ್ಲವೂ ಹಾಳು! ಉಳಿದ ಆ ಒಂದನ್ನೇ ದೊಡ್ಡದಾಗಿ ಮಾಡಿಸಿ ಅಂಗಡಿಯ ಮುಂದೆ ನಿಲ್ಲಿಸಿದ. ಅಂಗಡಿಯವರು ಮೆಚ್ಚಿ ಮತ್ತೊಮ್ಮೆ ತೆಗೆಯಲು ಬಿಟ್ಟರು. ಮುಂದೆ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯಲ್ಲಿ ನೆಲ ಒರೆಸುತ್ತಿದ್ದ ಎಲ್ಲಾ ವಾಟ್ಸನ್ ಎಂಬ ತಾಯಿಯನ್ನು ಪೊರಕೆಯೊಡನೆ ದೇಶದ ಬಾವುಟದ ಮುಂದೆ ನಿಲ್ಲಿಸಿ ತೆಗೆದ ಫೋಟೋ ಅವನದೇ.

ನಮ್ಮ ದೇಶದಲ್ಲಿಯೂ ಹೀಗೆಯೇ. ಹೈದರಾಬಾದಿನ ನಿಜಾಮರು ರಾಜಾ ಎಂದು ಬಿರುದು ಕೊಟ್ಟ ದೀನ್ ದಯಾಳರಂಥ ದೊಡ್ಡ ಫೋಟೋಗ್ರಾಫರು ಕೂಡ ದೊರೆಗಳ ಬೇಟೆಯ ಡೇರೆಗೆ ಭಾರದ ಕ್ಯಾಮರಾ ಹೊತ್ತು ಹೋಗಿ, ಸತ್ತ ಹುಲಿಯ ಫೋಟೋ ತೆಗೆಯಬೇಕಾಯಿತು. 1902ರಲ್ಲಿ ವಾರಂಗಲ್ ಸೀಮೆಯಲ್ಲಿ ವೈಸರಾಯ್ ಕರ್ಜನ್ ದಂಪತಿಗಳು ಹುಲಿಯ ಹಿಂದೆ ನಿಂತಿರುವ ಫೋಟೋ ಅವರ ಸ್ಟುಡಿಯೋದ್ದು. ಪೊದೆ ಬಡಿದು ಹುಲಿಯನ್ನು ಹೊರಡಿಸಿದವರ ಹೆಸರು ಅದರಲ್ಲಿಲ್ಲ. ಇನ್ನು ಆಗ್ರಾದಲ್ಲಿ ತಾಜಮಹಲಿನೊಳಗೆ ಪುರಾತತ್ವ ಇಲಾಖೆಯ ಲೈಸೆನ್ಸ್ ಪಡೆದ ಫೋಟೋದವರಿದ್ದಾರೆ. ಗೋಪುರದ ತುದಿಯನ್ನು ಬೆರಳಿನಲ್ಲಿ ಹಿಡಿದೆತ್ತಿದ ಹಾಗೆ ಫೋಟೋ ಬೇಕೆಂದು ಬಂದವರಿಗೆಲ್ಲ "ಕೈ ಇನ್ನೂ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಎಡಕ್ಕೆ" ಎಂದು ದಿನವಿಡೀ ಕೂಗುವುದೇ ಅವರ ದುಡಿಮೆ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅದಕ್ಕೂ ಕುತ್ತು ಬಂದಿದೆ.

ನಮ್ಮ ಹುಡುಗನ ಸ್ಟುಡಿಯೋದಲ್ಲಿ ಕುಳಿತಿದ್ದಾಗ ಒಂದು ದಿನ ನಡೆದದ್ದು. ಪಕ್ಕದ ತೋಟದಿಂದ ಒಬ್ಬ ತಾಯಿ ಬಂದಳು. ಗಂಡ ತೀರಿಕೊಂಡು ಹನ್ನೆರಡು ದಿನ. ಅವನ ಒಂದೇ ಒಂದು ಫೋಟೋ ಇದ್ದದ್ದು ಮತದಾರರ ಗುರುತಿನ ಚೀಟಿಯಲ್ಲಿ. ಆ ಚೀಟಿಯಲ್ಲಿ ನಮ್ಮೆಲ್ಲರ ಮುಖವೂ ಹೇಗಿದೆ ಎಂದು ನಿಮಗೆ ಗೊತ್ತೇ ಇದೆ. ಅದನ್ನು ದೊಡ್ಡದು ಮಾಡಿ, ಕೋಟು ಹಾಕಿಸಿ, ಟೈ ಕಟ್ಟಿಸಿ ಕೊಡು ಎಂದಳು. ಆ ಮನುಷ್ಯ ಮೂವತ್ತು ವರ್ಷ ಔಷಧಿ ಸಿಂಪಡಿಸುವ ಕೆಲಸ ಮಾಡಿದವನು, ಕೋಟು ಮುಟ್ಟಿದವನಲ್ಲ. ನಾವು ಬಾಯಿಬಿಟ್ಟು ಏನೋ ಹೇಳುವುದರಲ್ಲಿದ್ದೆವು. ಹುಡುಗ ನಮ್ಮ ಕಡೆ ನೋಡಲೇ ಇಲ್ಲ. "ಯಾವ ಬಣ್ಣದ ಕೋಟು ಬೇಕಮ್ಮ? ನೀಲಿ ಹಾಕ್ಲಾ?" ಎಂದು ಕೇಳಿದ. ಒಂದೂವರೆ ಗಂಟೆ ಕಂಪ್ಯೂಟರಿನ ಮುಂದೆ ಕುಳಿತು ಕುತ್ತಿಗೆ, ಭುಜ ಸರಿಮಾಡಿದ. ಎಡಗಣ್ಣು ಅರ್ಧ ಮುಚ್ಚಿತ್ತು, ಅದನ್ನೂ ತೆರೆಸಿದ. ಆ ತಾಯಿ ನೋಡಿ, "ಅವರೇ" ಎಂದಳು. ಹಣ ಎಣಿಸಿ ಕೊಟ್ಟು, ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಇಂಥದ್ದು ತಿಂಗಳಿಗೆ ನಾಲ್ಕೈದು ಬರುತ್ತದಂತೆ. ತೀರಿಕೊಂಡ ಅಪ್ಪನನ್ನು ಮಗಳ ಮದುವೆಯ ಫೋಟೋದಲ್ಲಿ ಅಮ್ಮನ ಪಕ್ಕ ನಿಲ್ಲಿಸಿ ಎನ್ನುವವರೂ ಉಂಟು.

ಹಾಗಾದರೆ ಇವನಿಗೆ ನಾಚಿಕೆಯಾಗುವ ಕೆಲಸ ಯಾವುದು? ಕೇಳಿದೆವು. ಅವನು ಹೇಳಿದ್ದಕ್ಕೆ ಮುಂಚೆ ನಮಗೊಂದು ಹಳೆಯ ಸಂಗತಿ ನೆನಪಾಯಿತು. ಹದಿನೈದು ವರ್ಷಗಳ ಹಿಂದೆ ಒಂದು ತೋಟದಲ್ಲಿ, ಯಾವ ತೋಟವೆಂದು ಬೇಡ, ಕಂಪೆನಿಯ ಕ್ಯಾಲೆಂಡರಿಗೆಂದು ಫೋಟೋ ತೆಗೆಸಿದರು. ಆರು ಜನ ಹೆಂಗಸರಿಗೆ ಆಫೀಸಿನಿಂದ ಹೊಸ ಸೀರೆ ಕೊಟ್ಟರು. ರಸ್ತೆಗೆ ಕಾಣುವ ಲೈನಿನ ಮುಂದಿನ ಗೋಡೆಗೆ ಮಾತ್ರ ಸುಣ್ಣ ಹೊಡೆಸಿದರು. ಫೋಟೋ ಮುಗಿದ ಕೂಡಲೇ ಸೀರೆಗಳನ್ನು ಬಿಚ್ಚಿಸಿ, ಮಡಿಸಿ, ಎಣಿಸಿ ವಾಪಸು ತೆಗೆದುಕೊಂಡರು. ಆ ದಿನಕ್ಕೆ ಅರ್ಧ ಹಾಜರಿ. ಫೋಟೋ ತೆಗೆದ ಮುದುಕರು ಪಟ್ಟಣದವರು, ಈಗಿಲ್ಲ. ತಲೆ ತಗ್ಗಿಸಿಕೊಂಡೇ ಕೆಲಸ ಮುಗಿಸಿ ಹೋದರು. ಮುಂದಿನ ವಾರ ಬಸ್ಸಿನಲ್ಲಿ ಬಂದು ಆರು ಹೆಂಗಸರಿಗೂ ಒಂದೊಂದು ಪ್ರತಿ ಕೊಟ್ಟು, ಒಂದು ಲೋಟ ನೀರು ಕುಡಿದು ಹೊರಟುಹೋದರು. ಅವರಿಗೆ ಅದಕ್ಕೆ ಯಾರೂ ಕಾಸು ಕೊಟ್ಟಿರಲಿಲ್ಲ.

ನಮ್ಮ ಹುಡುಗನ ಉತ್ತರವೂ ಇಂಥದ್ದೇ ಇರಬಹುದೆಂದು ನಾವು ಎಣಿಸಿದ್ದೆವು. ಅದಾಗಿರಲಿಲ್ಲ. ಅವನ ಉತ್ತರ, ಆ ದಿನ ಸಂಜೆ ಟೀ ಅಂಗಡಿಯಲ್ಲಿ ಆಡಿದ ಮಾತೇ. ಈಗ ಅದನ್ನು ಹೇಳುತ್ತೇವೆ.

"ಉಪದೇಶಿಯಣ್ಣ, ಬೆಳಿಗ್ಗೆ ನೀವೂ ನಕ್ಕಿರಿ. ಇರ್ಲಿ ಬಿಡಿ. ಅವರು ಕೆಲಸ ಮುಗಿದ ಕೂಡ್ಲೇ ಕೈಗೆ ದುಡ್ಡು ಕೊಟ್ರು. ಬುಟ್ಟಿ ಕೊಟ್ಟ ದೊಡ್ಡಮ್ಮನಿಗೆ ಇನ್ನೂರು ಕೊಟ್ಟೆ. ಚರಂಡೀಲಿ ಮಲಗೋಕೆ ನನಗೆ ನಾಚಿಕೆ ಇಲ್ಲ. ನಮ್ಮ ಲೈನಿಗೆ ಬಂದು ನಮ್ಮವರ ಮನೆ ಬಾಗಿಲಲ್ಲಿ ನಿಂತು ಬಾಕಿ ಕೇಳ್ಬೇಕಲ್ಲ, ಅದಕ್ಕೆ ನಾಚಿಕೆ. ಅದಕ್ಕೇ ಕೇಳೋದು ಬಿಟ್ಟಿದ್ದೀನಿ."

ಪ್ರಿಯರೇ, ಟೀ ಗಂಟಲಲ್ಲಿ ನಿಂತಿತು. ನೋಟ್‌ಬುಕ್ ತೋರಿಸು ಎಂದೆವು. ಬೇಡ ಅಣ್ಣ ಎಂದ. ಬಲವಂತ ಮಾಡಿ ಮರುವಾರ ತರಿಸಿಕೊಂಡೆವು. ಮೊದಲನೆಯದು ನಮ್ಮ ಯೂನಿಯನ್ನಿನದೇ. ಎರಡು ವರ್ಷದ ಮೇ ದಿನದ ಮೆರವಣಿಗೆ. ಆಮೇಲೆ ಗೇಟಿನ ಮುಂದಿನ ಧರಣಿ. ಮಳೆಗಾಲದಲ್ಲಿ ಲೈನಿನ ಸೋರುವ ಮಾಡುಗಳ ಫೋಟೋ ತೆಗೆಸಿ ಲೇಬರ್ ಆಫೀಸರಿಗೆ ಅರ್ಜಿಯ ಜೊತೆ ಕೊಟ್ಟೆವಲ್ಲ, ಹದಿನಾಲ್ಕು ಮನೆಯ ಮಾಡು ರಿಪೇರಿಯಾಯಿತಲ್ಲ, ಆ ಫೋಟೋಗಳ ಪ್ರಿಂಟಿನ ಖರ್ಚು ಕೂಡ ಅವನಿಗೆ ಬಂದಿಲ್ಲ. ಐದು ಮನೆಗಳ ಸಾವಿನ ಫೋಟೋ. ಪೆಟ್ಟಿಗೆಯ ಸುತ್ತ ನಿಂತು ಎಲ್ಲರೂ ತೆಗೆಸಿಕೊಂಡೆವು, ದುಃಖದ ಮನೆಯಲ್ಲಿ ಅವನು ಹೇಗೆ ಕೇಳುತ್ತಾನೆ? ನಾವೂ ಆಮೇಲೆ ಕೊಡಲಿಲ್ಲ. ಕೆಳಗಡೆ ಇನ್ನೊಂದು ಸಾಲು ಇತ್ತು. ನಮ್ಮ ಸ್ವಂತ ಮಗಳ ಪ್ರಥಮ ಪರಮಪ್ರಸಾದದ ಆಲ್ಬಮ್, ಬಾಕಿ 1,800 ರೂಪಾಯಿ. ಮಗಳು ಈಗ ಹತ್ತನೆಯ ತರಗತಿ.

ನಮ್ಮವನೇ ತಾನೆ, ಇವತ್ತಲ್ಲದಿದ್ದರೆ ನಾಳೆ ಕೊಟ್ಟರಾಯಿತು ಎಂದುಕೊಂಡಿದ್ದೆವು. ಮೇಸ್ತ್ರಿ ಅರ್ಧ ಹಾಜರಿ ಹಿಡಿದುಕೊಂಡರೆ ಗೇಟಿನ ಮುಂದೆ ಕುಳಿತು ಕೂಗುವವರು ನಾವೇ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿದೆ ಎಂದು ಮಕ್ಕಳಿಗೆ ಧರ್ಮೋಪದೇಶದ ತರಗತಿಯಲ್ಲಿ ಹೇಳಿಕೊಡುವವರೂ ನಾವೇ. ಏಳು ವರ್ಷದಲ್ಲಿ ಹೊತ್ತು ಎಷ್ಟು ಸಾರಿ ಮುಳುಗಿತೋ!

ಈಗ ಆಗಿರುವುದಿಷ್ಟು. ನಮ್ಮ ಮನೆಯ 1,800 ರೂಪಾಯಿಯನ್ನು ಕಳೆದ ಶನಿವಾರ ಕೊಟ್ಟೆವು. ಅವನು ರಸೀದಿ ಬರೆದು ಕೊಟ್ಟ. ತೆಗೆದುಕೊಳ್ಳುವಾಗ ನಮಗಿಂತ ಅವನಿಗೇ ಹೆಚ್ಚು ಸಂಕೋಚ. ಯೂನಿಯನ್ನಿನ ಬಾಕಿಯನ್ನು ಎರಡು ಕಂತಿನಲ್ಲಿ ಕೊಡುವುದೆಂದು ಸಮಿತಿ ಒಪ್ಪಿದೆ. ಮೊದಲ ಕಂತಿನ ದಿನವನ್ನು ಬೋರ್ಡಿನಲ್ಲಿ ಹಾಕುತ್ತೇವೆ. ಮನೆಗಳ ಹೆಸರನ್ನು ಇಲ್ಲಿ ಓದುವುದಿಲ್ಲ. ಅವರವರಿಗೆ ಗೊತ್ತಿದೆ. ಅವನ ಸ್ಟುಡಿಯೋ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಅಷ್ಟು ದೂರ ಹೋಗಲಾಗದವರು ಖಜಾಂಚಿ ಅಕ್ಕನ ಕೈಯಲ್ಲಿ ಕೊಟ್ಟರೆ ಅವರು ತಲುಪಿಸುತ್ತಾರೆ.

ಇನ್ನೊಂದು ಮಾತು. ಕ್ರಿಸ್ಮಸ್ ದಿನ ಪೂಜೆಯಾದ ಮೇಲೆ ದೇವಾಲಯದ ಮೆಟ್ಟಿಲ ಮೇಲೆ ಪ್ರತಿ ವರ್ಷದಂತೆ ಗುಂಪು ಫೋಟೋ ಉಂಟು. ಈ ಸಾರಿ ಪ್ರತಿಯೊಂದಕ್ಕೆ ಎಂಬತ್ತು ರೂಪಾಯಿ, ಮುಂಗಡ. ಬೇಕಾದವರು ಈಗಲೇ ಹೆಸರು ಬರೆಸಿ ಹಣ ಕೊಟ್ಟು ಹೋಗಿರಿ. ಹೋದ ವರ್ಷ ಹಿಂದಿನ ಸಾಲಿನಲ್ಲಿ ಬೆನ್ನು ತೋರಿಸಿ ನಿಂತಿದ್ದ ಯುವಕರು ಈ ವರ್ಷ ಮುಖ ತೋರಿಸಿ ನಿಲ್ಲಬೇಕು. ಯಾರ ಮುಖವನ್ನೂ ಬೆಳ್ಳಗೆ ಮಾಡಿಕೊಡುವುದಿಲ್ಲವೆಂದು ಅವನು ಮೊದಲೇ ಹೇಳಿಕಳಿಸಿದ್ದಾನೆ.